ಓವರ್‌ಕ್ಲಾಕಿಂಗ್: ನೂರು ಮೆಗಾಹರ್ಟ್ಸ್‌ಗೆ ಬ್ಯಾಟರಿ ತೆರುವ ಬೆಲೆ

2009ರ ನವೆಂಬರ್‌ನಲ್ಲಿ ಎರಡು ಫೋನುಗಳು ಹೆಚ್ಚುಕಡಿಮೆ ಒಟ್ಟಿಗೇ ಮಾರಾಟಕ್ಕೆ ಬಂದವು. ಒಂದು ಮೋಟೊರೋಲಾದ ಡ್ರಾಯ್ಡ್, ಇನ್ನೊಂದು ನೋಕಿಯಾದ ಎನ್900. ಎರಡಕ್ಕೂ ಜಾರಿಸಿ ತೆರೆಯುವ ಕೀಲಿಮಣೆ ಇತ್ತು. ಒಂದರಲ್ಲಿ ಆಂಡ್ರಾಯ್ಡ್, ಇನ್ನೊಂದರಲ್ಲಿ ನೋಕಿಯಾದ ಸ್ವಂತ ಮೇಮೊ. ಒಳಗಿದ್ದ ಪ್ರೊಸೆಸರ್ ಮಾತ್ರ ಒಂದೇ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ 3430. ನೋಕಿಯಾ ಅದನ್ನು 600 ಮೆಗಾಹರ್ಟ್ಸ್‌ವರೆಗೆ ಓಡಲು ಬಿಟ್ಟಿತು. ಮೋಟೊರೋಲಾ 550ಕ್ಕೇ ನಿಲ್ಲಿಸಿತು. ಆಮೇಲೆ ಉತ್ಸಾಹಿಗಳು ಬಂದರು. ಫೋನಿನ ಯಂತ್ರಭಾಗಗಳನ್ನು ನಿಯಂತ್ರಿಸುವ ಮೂಲ ತಂತ್ರಾಂಶವಾದ ಕರ್ನೆಲ್ ತಿದ್ದಿ ಅದೇ ಚಿಪ್ಪನ್ನು 800ಕ್ಕೆ, ಕೆಲವರು 1000 ಮೆಗಾಹರ್ಟ್ಸ್‌ಗೂ ಏರಿಸಿ ದಿನನಿತ್ಯ ಬಳಸಿದರು. ಹೀಗೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್.

ಆಗ ಎಲ್ಲೆಡೆ ಒಂದೇ ಜಗಳ. ಓವರ್‌ಕ್ಲಾಕ್ ಮಾಡಿದ ಮೇಲೆ ಬ್ಯಾಟರಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ ಎಂದು ಕೆಲವರು ಹೇಳಿದರೆ, ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತಿದೆ ಎಂದು ಇನ್ನು ಕೆಲವರು ಹೇಳುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಫೋನ್, ಒಂದೇ ಚಿಪ್, ಒಂದೇ ಬ್ಯಾಟರಿ, ಆದರೂ ಎರಡು ಅನುಭವ ಯಾಕೆ ಎಂಬುದು ತಿಳಿದರೆ ಇಂದಿನ ಫೋನಿನ ಬಗ್ಗೆಯೂ ಬಹಳಷ್ಟು ತಿಳಿದಂತೆ.

ಮೊದಲು ಮೆಗಾಹರ್ಟ್ಸ್ ಎಂದರೇನು ನೋಡೋಣ. ಪ್ರೊಸೆಸರ್‌ನೊಳಗೆ ಒಂದು ಬಡಿತ ನಿರಂತರವಾಗಿ ನಡೆಯುತ್ತಿರುತ್ತದೆ. ಅದೇ ಕ್ಲಾಕ್. 600 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 60 ಕೋಟಿ ಬಡಿತ. ಲಾರಿಯಿಂದ ಮಂಗಳೂರು ಹೆಂಚು ಇಳಿಸುವಾಗ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿರಬಹುದು. ಒಬ್ಬ ಲಯವಾಗಿ ಕೂಗು ಹಾಕುತ್ತಾನೆ. ಪ್ರತಿ ಕೂಗಿಗೂ ಎಲ್ಲರ ಕೈಯಲ್ಲಿರುವ ಹೆಂಚು ಒಂದು ಕೈ ಮುಂದೆ ಹೋಗುತ್ತದೆ. ಕೂಗು ಬೇಗಬೇಗ ಬಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಒಬ್ಬನ ಕೈಗೆ ಹೆಂಚು ಸರಿಯಾಗಿ ಕೂರುವ ಮೊದಲೇ ಮುಂದಿನ ಕೂಗು ಬಿದ್ದರೆ ಹೆಂಚು ನೆಲಕ್ಕೆ. ಚಿಪ್‌ನಲ್ಲೂ ಹಾಗೆಯೇ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ವಿದ್ಯುತ್ ಸಂಕೇತ ಹತ್ತಾರು ಟ್ರಾನ್ಸಿಸ್ಟರ್ ದಾಟಿ ಸೊನ್ನೆಯೋ ಒಂದೋ ಆಗಿ ನೆಲೆ ನಿಲ್ಲಬೇಕು. ನಿಲ್ಲುವ ಮೊದಲೇ ಬಡಿತ ಬಂದರೆ ತಪ್ಪು ಅಂಕಿ ಮುಂದೆ ಹೋಗುತ್ತದೆ.

ಸಂಕೇತ ಬೇಗ ನೆಲೆ ನಿಲ್ಲಬೇಕಾದರೆ ಟ್ರಾನ್ಸಿಸ್ಟರ್‌ಗಳಿಗೆ ಹೆಚ್ಚು ವೋಲ್ಟೇಜ್ ಕೊಡಬೇಕು. ಬ್ಯಾಟರಿಗೆ ಹೊರೆ ಬೀಳುವುದು ಮುಖ್ಯವಾಗಿ ಇಲ್ಲಿಂದಲೇ, ಬರೀ ವೇಗದಿಂದಲ್ಲ.

ಪ್ರತಿ ಟ್ರಾನ್ಸಿಸ್ಟರ್‌ನ ಗೇಟ್ ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ಸೊನ್ನೆಯಿಂದ ಒಂದಕ್ಕೆ ಹೋಗುವಾಗ ಅದನ್ನು ತುಂಬಬೇಕು, ಮರಳಿ ಬರುವಾಗ ಬರಿದು ಮಾಡಬೇಕು. ಹೀಗೆ ಪ್ರತಿ ಸಲ ತುಂಬಿ ಬರಿದು ಮಾಡಲು ಬೇಕಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಸೆಕೆಂಡಿಗೆ ಎಷ್ಟು ಸಲ ಈ ಕೆಲಸ ನಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ಕ್ಲಾಕ್. ಹಾಗಾಗಿ ಪ್ರೊಸೆಸರ್ ಎಳೆಯುವ ವಿದ್ಯುತ್ತಿನ ದೊಡ್ಡ ಭಾಗ ವೋಲ್ಟೇಜಿನ ವರ್ಗವನ್ನು ಕ್ಲಾಕ್‌ನಿಂದ ಗುಣಿಸಿದಂತೆ ಏರುತ್ತದೆ. ಕ್ಲಾಕ್ ಎರಡು ಪಟ್ಟಾದರೆ ಖರ್ಚು ಎರಡು ಪಟ್ಟು. ವೋಲ್ಟೇಜ್ ಎರಡು ಪಟ್ಟಾದರೆ ನಾಲ್ಕು ಪಟ್ಟು. ಎರಡೂ ಒಟ್ಟಿಗೆ ಏರಿದರೆ ಎಂಟು ಪಟ್ಟು.

ಸೂತ್ರ ಓದಿದರೆ ಸಾಲದು, ನಿಜವಾದ ಚಿಪ್‌ನಲ್ಲಿ ನೋಡಬೇಕು. ಓಮ್ಯಾಪ್ 3430 ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಬೇಡುತ್ತದೆ ಎಂಬ ಪಟ್ಟಿ ಈ ಫೋನುಗಳ ತಳದಲ್ಲಿದ್ದ ಲಿನಕ್ಸ್ ಕರ್ನೆಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. 125 ಮೆಗಾಹರ್ಟ್ಸ್‌ಗೆ 0.975 ವೋಲ್ಟ್. 500ಕ್ಕೆ 1.2 ವೋಲ್ಟ್. 550ಕ್ಕೆ 1.27. 600ಕ್ಕೆ 1.35. ಕೊನೆಯ ಮೂರು ಮೆಟ್ಟಿಲುಗಳನ್ನು ಗಮನಿಸಿ. 500ರಿಂದ 600ಕ್ಕೆ ಹೋದರೆ ವೇಗ ಶೇ. 20 ಹೆಚ್ಚಾಯಿತು. ಖರ್ಚು? 1.35ರ ವರ್ಗವನ್ನು 600ರಿಂದ ಗುಣಿಸಿ, 1.2ರ ವರ್ಗವನ್ನು 500ರಿಂದ ಗುಣಿಸಿ, ಹೋಲಿಸಿ. ಶೇ. 52 ಹೆಚ್ಚು! 550ರಿಂದ 600ಕ್ಕೆ ಹೋಗುವ ಸಣ್ಣ ಹೆಜ್ಜೆಗೇ ಶೇ. 9 ವೇಗಕ್ಕೆ ಶೇ. 23ರಷ್ಟು ಹೆಚ್ಚು ವಿದ್ಯುತ್ ತೆರಬೇಕು. ಡ್ರಾಯ್ಡ್ 550ಕ್ಕೆ ನಿಂತದ್ದರ ಹಿಂದೆ ಏನಿರಬಹುದು ಎಂಬುದಕ್ಕೆ ಈ ಲೆಕ್ಕವೇ ಒಳ್ಳೆಯ ಉತ್ತರ. ಅದರ ಬ್ಯಾಟರಿ ಬರೀ 1400 ಎಂಎಎಚ್. ಎನ್900ರದು ಇನ್ನೂ ಚಿಕ್ಕದು, 1320.

ಈಗ ಆ ಜಗಳಕ್ಕೆ ಬರೋಣ. ಶೇ. 52 ಹೆಚ್ಚು ಎಂದದ್ದು ಪ್ರೊಸೆಸರ್ ದುಡಿಯುತ್ತಿರುವ ಪ್ರತಿ ಸೆಕೆಂಡಿನ ಖರ್ಚು. ಆದರೆ ವೇಗ ಹೆಚ್ಚಾದರೆ ಕೆಲಸ ಬೇಗ ಮುಗಿದು ಅದು ಬೇಗ ಮಲಗುತ್ತದಲ್ಲ? 500ರಲ್ಲಿ ಆರು ಸೆಕೆಂಡು ಹಿಡಿಯುವ ಕೆಲಸ 600ರಲ್ಲಿ ಐದೇ ಸೆಕೆಂಡು. ಹೀಗೆ ಇಡೀ ಕೆಲಸದ ಲೆಕ್ಕ ತೆಗೆದರೆ ಕ್ಲಾಕ್‌ನ ಪಾಲು ವಜಾ ಆಗಿ ವೋಲ್ಟೇಜಿನ ವರ್ಗ ಮಾತ್ರ ಉಳಿಯುತ್ತದೆ. ಅದು ಶೇ. 27. ಅಂದರೆ ವೋಲ್ಟೇಜ್ ಏರಿಸದೆ ಬರೀ ಕ್ಲಾಕ್ ಏರಿಸಲು ಸಾಧ್ಯವಾದರೆ ಆ ಒಂದು ಕೆಲಸಕ್ಕೆ ಪ್ರೊಸೆಸರ್ ತಿನ್ನುವ ಒಟ್ಟು ಶಕ್ತಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಓವರ್‌ಕ್ಲಾಕಿಂಗ್ ಬಗ್ಗೆ ಬರೆಯುವವರು ಈ ಮಾತನ್ನು ಹೇಳುವುದು ಅಪರೂಪ. ನನಗೆ ಇಡೀ ವಿಷಯದ ತಿರುಳೇ ಇದು ಎನಿಸುತ್ತದೆ.

ಫೋನಿನಲ್ಲಿ ಪ್ರೊಸೆಸರ್ ಒಂದೇ ಎಚ್ಚರವಾಗಿರುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಮೆಮೊರಿ, ರೇಡಿಯೊ, ಪರದೆ ಎಲ್ಲ ಜೊತೆಗಿವೆ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: 500 ಮೆಗಾಹರ್ಟ್ಸ್‌ನಲ್ಲಿ ಪ್ರೊಸೆಸರ್ 400 ಮಿಲಿವಾಟ್ ಎಳೆಯುತ್ತದೆ, 600ರಲ್ಲಿ 608. ಈ ಕೆಲಸ ಮುಗಿಯುವವರೆಗೆ ಎಚ್ಚರವಿರಬೇಕಾದ ಉಳಿದ ಭಾಗಗಳು 300 ಮಿಲಿವಾಟ್ ಎಳೆಯುತ್ತವೆ. ನಿಧಾನದ ದಾರಿಯಲ್ಲಿ 700 ಮಿಲಿವಾಟ್, ಆರು ಸೆಕೆಂಡು, ಒಟ್ಟು 4200 ಮಿಲಿಜೂಲ್. ವೇಗದ ದಾರಿಯಲ್ಲಿ 908 ಮಿಲಿವಾಟ್, ಐದು ಸೆಕೆಂಡು, ಒಟ್ಟು 4540. ಓವರ್‌ಕ್ಲಾಕ್‌ಗೆ ನಷ್ಟ. ಆದರೆ ಉಳಿದ ಭಾಗಗಳ ಖರ್ಚು 300ರ ಬದಲು 800 ಮಿಲಿವಾಟ್ ಆಗಿದ್ದರೆ? ಆಗ ನಿಧಾನಕ್ಕೆ 7200, ವೇಗಕ್ಕೆ 7040. ಓವರ್‌ಕ್ಲಾಕ್ ಗೆದ್ದಿತು! ಬೇಗ ಓಡಿ ಬೇಗ ಮಲಗುವುದೇ ಲಾಭ ಎಂದು ಎಂಜಿನಿಯರುಗಳು ಹೇಳುವುದು ಈ ಅರ್ಥದಲ್ಲಿ.

ಈ ಗೆಲುವಿಗೆ ಒಂದು ಷರತ್ತು ಇದೆ. ಕೆಲಸ ಮುಗಿದ ಕೂಡಲೇ ಉಳಿದ ಭಾಗಗಳೂ ನಿಜವಾಗಿ ಮಲಗಬೇಕು. ಇಮೇಲ್ ತಂದುಕೊಳ್ಳುವಂಥ ಹಿನ್ನೆಲೆ ಕೆಲಸದಲ್ಲಿ ಹಾಗೆ ಆಗುತ್ತದೆ. ಸುದ್ದಿ ಪುಟ ಅರ್ಧ ಸೆಕೆಂಡು ಬೇಗ ತೆರೆದುಕೊಂಡರೆ ನೀವು ಪರದೆ ಆರಿಸುತ್ತೀರಾ? ಇಲ್ಲ, ಓದುತ್ತಾ ಕೂರುತ್ತೀರಿ. ಪರದೆ ಉರಿಯುತ್ತಲೇ ಇರುತ್ತದೆ, ಲಾಭ ಕೈಗೆ ಹತ್ತುವುದಿಲ್ಲ. ಇನ್ನು ಗೇಮ್ ಆಡುವವರಿಗಂತೂ ಕೆಲಸ ಮುಗಿಯುವುದು ಎಂಬುದೇ ಇಲ್ಲ. ಒಂದು ದೃಶ್ಯ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಕಾಯುತ್ತಿರುತ್ತದೆ. ಪ್ರೊಸೆಸರ್ ಮೇಲಿನ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. 1400 ಎಂಎಎಚ್, 3.7 ವೋಲ್ಟಿನ ಬ್ಯಾಟರಿಯಲ್ಲಿ ಇರುವುದು ಸುಮಾರು 5.2 ವಾಟ್-ಗಂಟೆ. ಮೇಲಿನ ಎರಡನೆಯ ಲೆಕ್ಕವನ್ನೇ ಬಿಡುವಿಲ್ಲದ ಆಟಕ್ಕೆ ಹೊಂದಿಸಿದರೆ 1.2 ವಾಟ್ ಎಳೆಯುವ ಫೋನ್ ನಾಲ್ಕೂಕಾಲು ಗಂಟೆ ಬರುತ್ತದೆ, 1.41 ವಾಟ್ ಎಳೆಯುವುದು ಮೂರೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ.

ಅಂದಿನ ಜಗಳದ ಎರಡೂ ಪಕ್ಷದವರು ಇಲ್ಲಿ ಸಿಕ್ಕರು. ಫೋನನ್ನು ದಿನವಿಡೀ ಜೇಬಲ್ಲಿಟ್ಟು ಆಗಾಗ ತೆಗೆದು ಸಂದೇಶ ನೋಡುವವನಿಗೆ ಓವರ್‌ಕ್ಲಾಕಿಂಗ್‌ನ ಖರ್ಚು ಕಾಣುವುದೇ ಇಲ್ಲ, ಯಾಕೆಂದರೆ ಅವನ ಪ್ರೊಸೆಸರ್ ಬಹುಪಾಲು ಹೊತ್ತು ಮಲಗಿಯೇ ಇರುತ್ತದೆ. ಬಸ್ಸಿನಲ್ಲಿ ಕೂತು ಒಂದು ಗಂಟೆ ಗೇಮ್ ಆಡುವವನಿಗೆ ಅದೇ ಖರ್ಚು ಕಣ್ಣಿಗೆ ರಾಚುತ್ತದೆ.

ಹಾಗಾದರೆ 600ಕ್ಕೆ ಮಾಡಿದ ಚಿಪ್ 1000ದಲ್ಲಿ ಓಡಿದ್ದಾದರೂ ಹೇಗೆ? ಕಂಪನಿ ತನ್ನ ಚಿಪ್‌ನ ಶಕ್ತಿ ಮುಚ್ಚಿಟ್ಟು ಗ್ರಾಹಕರಿಗೆ ಮೋಸ ಮಾಡುತ್ತಿತ್ತು ಎಂಬ ಮಾತು ಆಗ ಜೋರಾಗಿತ್ತು. ಅದು ಸರಿಯಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿ ತೆಗೆದ ಚಿಪ್‌ಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಲವು ಚುರುಕು, ಕೆಲವು ಮಂದ. ಮಾರುವ ಕಂಪನಿ ಅತಿ ಮಂದ ಚಿಪ್ ಕೂಡ, ಬ್ಯಾಟರಿ ಇಳಿದಾಗ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾದಾಗ, ಮೂರು ವರ್ಷ ಹಳೆಯದಾದಾಗ ಸಹ ತಪ್ಪಿಲ್ಲದೆ ನಡೆಯಬೇಕು ಎಂದು ಲೆಕ್ಕ ಹಾಕಿ ವೇಗ ನಿಗದಿ ಮಾಡುತ್ತದೆ. ಇಂಥ ಲೆಕ್ಕದ ಕೆಲಸ ನಮ್ಮಲ್ಲೂ ನಡೆಯುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಇಂದು ಕ್ವಾಲ್ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ಎಲ್ಲರ ತಂಡಗಳೂ ಇಲ್ಲಿವೆ. ಈ ಕೆಲಸದಲ್ಲಿರುವ ಯಾರನ್ನಾದರೂ ಮಾತಾಡಿಸಿ, ‘ಟೈಮಿಂಗ್ ಕ್ಲೋಸ್ ಆಗಬೇಕು’ ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಅತಿ ಬಿಸಿ, ಅತಿ ಚಳಿ, ಅತಿ ಕಡಿಮೆ ವೋಲ್ಟೇಜ್, ಅತಿ ಮಂದ ಚಿಪ್, ಈ ಎಲ್ಲ ಮೂಲೆಗಳಲ್ಲೂ ಸಂಕೇತ ಸಮಯಕ್ಕೆ ತಲುಪುತ್ತದೆ ಎಂದು ಖಾತ್ರಿಪಡಿಸಿಕೊಳ್ಳುವುದೇ ಅದರ ಅರ್ಥ. ಹಾಗೆ ಬಿಟ್ಟ ಅಂತರವನ್ನು ಓವರ್‌ಕ್ಲಾಕ್ ಮಾಡುವವನು ಬಳಸಿಕೊಳ್ಳುತ್ತಾನೆ. ಚುರುಕು ಚಿಪ್ ಸಿಕ್ಕವನು ಅದೃಷ್ಟವಂತ. ಪಕ್ಕದವನ ಫೋನ್ 1000ದಲ್ಲಿ ಓಡಿತು ಎಂದ ಮಾತ್ರಕ್ಕೆ ನಿಮ್ಮದು ಓಡಬೇಕಿಲ್ಲ.

ಅಂತರ ಮೀರಿದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಕಾಲದ ಜನಪ್ರಿಯ ಆ್ಯಪ್ ಸೆಟ್‌ಸಿಪಿಯು. ಫೋನ್ ರೂಟ್ ಮಾಡಿ (ಅಂದರೆ ಅದರ ವ್ಯವಸ್ಥೆಯ ಮೇಲೆ ಪೂರ್ಣ ಅಧಿಕಾರ ಪಡೆದು), ಹೆಚ್ಚಿನ ವೇಗಗಳನ್ನು ಸೇರಿಸಿದ ಕರ್ನೆಲ್ ಹಾಕಿಕೊಂಡರೆ ಈ ಆ್ಯಪ್‌ನಲ್ಲಿ ಎರಡು ಜಾರುಪಟ್ಟಿಗಳು ಕಾಣುತ್ತಿದ್ದವು. ಮೇಲಿನದು ಗರಿಷ್ಠ, ಕೆಳಗಿನದು ಕನಿಷ್ಠ. ಬೆರಳಿನಿಂದ ಮೇಲಿನದನ್ನು ಬಲಕ್ಕೆ ಎಳೆದರೆ ಮುಗಿಯಿತು. ಅದರ ಕೆಳಗೆ ಒಂದು ಚಿಕ್ಕ ಚೌಕ: ‘ಸೆಟ್ ಆನ್ ಬೂಟ್’. ಫೋನ್ ಶುರುವಾದಾಗಲೆಲ್ಲ ಇದೇ ವೇಗ ಇರಲಿ ಎಂಬ ಗುರುತು. ವೇಗ ಏರಿಸಿ, ಪರೀಕ್ಷೆ ಮಾಡದೆ ಈ ಚೌಕಕ್ಕೆ ಗುರುತು ಹಾಕಿದವರ ಪಾಡು ಕೇಳಬೇಡಿ. ಫೋನ್ ಶುರುವಾಗುತ್ತದೆ, ಆ್ಯಪ್ ಅತಿವೇಗ ಹಾಕುತ್ತದೆ, ಫೋನ್ ಕುಸಿದು ಮತ್ತೆ ಶುರುವಾಗುತ್ತದೆ, ಮತ್ತೆ ಕುಸಿಯುತ್ತದೆ. ಕೊನೆಗೆ ಫೋನಿನ ದುರಸ್ತಿ ವ್ಯವಸ್ಥೆಯಾದ ರಿಕವರಿಗೆ ಹೋಗಿ ಸರಿಪಡಿಸಬೇಕು, ಕೆಲವೊಮ್ಮೆ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳಬೇಕು.

ಫೋನ್ ಕುಸಿದು ರೀಸ್ಟಾರ್ಟ್ ಆದರೆ ಒಂದು ರೀತಿಯಲ್ಲಿ ಒಳ್ಳೆಯದೇ, ತಪ್ಪಾಗಿದೆ ಎಂದು ಗೊತ್ತಾಗುತ್ತದೆ. ಗೊತ್ತಾಗದೆ ಆಗುವ ತಪ್ಪು ಅದಕ್ಕಿಂತ ಕೆಟ್ಟದ್ದು. ಗಂಟೆಗೊಮ್ಮೆ ಒಂದು ಅಂಕಿ ತಪ್ಪಿದರೆ ಫೋನ್ ನಡೆಯುತ್ತಲೇ ಇರುತ್ತದೆ. ಆ ತಪ್ಪು ಅಂಕಿ ಫೋಟೊ ಉಳಿಸುವ ಹೊತ್ತಿನಲ್ಲೋ ಫೈಲ್ ವ್ಯವಸ್ಥೆಯ ಪಟ್ಟಿ ಬರೆಯುವ ಹೊತ್ತಿನಲ್ಲೋ ಬಿದ್ದಿದ್ದರೆ ವಾರಗಳ ನಂತರ ಫೈಲ್ ತೆರೆಯದೆ ಹೋದಾಗ ತಿಳಿಯುತ್ತದೆ. ಜೊತೆಗೆ ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿ ಸೇರಿ ಟ್ರಾನ್ಸಿಸ್ಟರ್‌ಗಳನ್ನೂ ಅವುಗಳ ನಡುವಿನ ಲೋಹದ ಎಳೆಗಳನ್ನೂ ಬೇಗ ಸವೆಸುತ್ತವೆ. ಮೊದಲ ತಿಂಗಳು ಸರಾಗವಾಗಿ ಓಡಿದ ವೇಗದಲ್ಲಿ ಒಂದು ವರ್ಷದ ಮೇಲೆ ಚಿಪ್ ಎಡವತೊಡಗಬಹುದು.

ಅಂದಿನ ಉತ್ಸಾಹಿಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಇನ್ನೊಂದು ದಾರಿ ಹಿಡಿದವರ ಮೇಲೆ. ಅವರು ಅದೇ ಅಂತರವನ್ನು ವೇಗಕ್ಕೆ ಬಳಸಲಿಲ್ಲ, ವೋಲ್ಟೇಜ್ ಇಳಿಸಲು ಬಳಸಿದರು. ಇದು ಅಂಡರ್‌ವೋಲ್ಟಿಂಗ್. ಚುರುಕು ಚಿಪ್ ಸಿಕ್ಕರೆ 600 ಮೆಗಾಹರ್ಟ್ಸ್‌ಗೆ 1.35 ವೋಲ್ಟ್ ಬೇಕಿಲ್ಲ, 1.2 ಸಾಕಾಗಬಹುದು. ಆಗ ಅದೇ ವೇಗಕ್ಕೆ ಖರ್ಚು ಶೇ. 21ರಷ್ಟು ಇಳಿಯುತ್ತದೆ. ಬಿಸಿ ಇಳಿಯುತ್ತದೆ. ಬಿಸಿ ಇಳಿದರೆ ಟ್ರಾನ್ಸಿಸ್ಟರ್‌ಗಳು ಸುಮ್ಮನಿದ್ದಾಗಲೂ ಸೋರುವ ವಿದ್ಯುತ್ ಕಡಿಮೆಯಾಗುತ್ತದೆ. ಡ್ರಾಯ್ಡ್‌ಗೂ ಎನ್900ಗೂ ಕಡಿಮೆ ವೋಲ್ಟೇಜಿನ ಕರ್ನೆಲ್‌ಗಳು ಬಂದವು. ಚಿಪ್‌ನ ಚುರುಕು ಅಳೆದು ವೋಲ್ಟೇಜ್ ತಾನೇ ಹೊಂದಿಸುವ ಸ್ಮಾರ್ಟ್‌ರಿಫ್ಲೆಕ್ಸ್ ಎಂಬ ತಂತ್ರವನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಈ ಚಿಪ್‌ನಲ್ಲಿ ಇಟ್ಟಿತ್ತು. ಇಂದಿನ ಬಹುತೇಕ ಫೋನ್ ಚಿಪ್‌ಗಳೂ ಇಂಥ ಒಂದಲ್ಲ ಒಂದು ಉಪಾಯ ಬಳಸುತ್ತವೆ.

ವೇಗ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂದು ನಿರ್ಧರಿಸುವುದು ಕರ್ನೆಲ್‌ನೊಳಗಿನ ಗವರ್ನರ್. ಆನ್‌ಡಿಮ್ಯಾಂಡ್ ಎಂಬ ಗವರ್ನರ್ ಆಗಾಗ ಪ್ರೊಸೆಸರ್‌ನ ಹೊರೆ ನೋಡಿ, ಹೊರೆ ಹೆಚ್ಚಿದರೆ ನೇರ ಗರಿಷ್ಠಕ್ಕೆ ಹಾರಿಸುತ್ತಿತ್ತು. ಕನ್ಸರ್ವೇಟಿವ್ ಎಂಬುದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿತ್ತು. ಪರ್ಫಾರ್ಮೆನ್ಸ್ ಹಾಕಿದರೆ ಸದಾ ಗರಿಷ್ಠ. ಆಂಡ್ರಾಯ್ಡ್‌ಗೆಂದೇ ಬಂದ ಇಂಟರ್‌ಆ್ಯಕ್ಟಿವ್ ಎಂಬುದು ನಿದ್ದೆಯಿಂದ ಎದ್ದ ಕೂಡಲೇ ಬೇಗ ವೇಗ ಹಿಡಿಯುತ್ತಿತ್ತು, ಪರದೆ ಸರಾಗವಾಗಿ ಜಾರಲು ಅದು ಬೇಕು. 2016ರಲ್ಲಿ ಲಿನಕ್ಸ್‌ಗೆ ಸೇರಿದ ಶೆಡ್‌ಯುಟಿಲ್ ಕೋರ್‌ಗಳಿಗೆ ಕೆಲಸ ಹಂಚುವ ಶೆಡ್ಯೂಲರ್ ಬಳಿಯೇ ಎಷ್ಟು ಕೆಲಸ ಇದೆ ಎಂದು ಕೇಳಿ ವೇಗ ನಿರ್ಧರಿಸುತ್ತದೆ. ಓವರ್‌ಕ್ಲಾಕ್ ಮಾಡಿದ ಹಲವರ ಬ್ಯಾಟರಿ ಮುಗಿದದ್ದಕ್ಕೆ ಗರಿಷ್ಠ ವೇಗಕ್ಕಿಂತ ತಪ್ಪು ಗವರ್ನರ್ ಕಾರಣವಾಗಿದ್ದಿರಬಹುದು. ಪರ್ಫಾರ್ಮೆನ್ಸ್ ಹಾಕಿ ಮರೆತರೆ ಸಣ್ಣಪುಟ್ಟ ಕೆಲಸಕ್ಕೂ ಪ್ರೊಸೆಸರ್ ಅತಿ ದುಬಾರಿ ಮೆಟ್ಟಿಲಲ್ಲೇ ನಿಂತಿರುತ್ತದೆ.

ಇದರಲ್ಲಿ ಬಹುಪಾಲು ಡ್ರಾಯ್ಡ್, ಎನ್900 ಕಾಲದ ಮಾತು. ಇಂದಿನ ಫೋನಿನಲ್ಲಿ ಏನು ಬದಲಾಗಿದೆ? ಮುಖ್ಯವಾಗಿ, ಓವರ್‌ಕ್ಲಾಕಿಂಗ್ ಕೆಲಸವನ್ನು ಈಗ ಕಂಪನಿಯೇ ಮಾಡಿಕೊಡುತ್ತದೆ. 2018ರಲ್ಲಿ ಏಸುಸ್ ತನ್ನ ಆರ್‌ಒಜಿ ಫೋನಿಗೆಂದು ಸ್ನ್ಯಾಪ್‌ಡ್ರಾಗನ್ 845 ಚಿಪ್‌ಗಳಲ್ಲಿ ಚುರುಕಾದವನ್ನೇ ಆರಿಸಿ 2.8 ಗಿಗಾಹರ್ಟ್ಸ್ ಬದಲು 2.96ರಲ್ಲಿ ಓಡಿಸಿತು. ಮರುವರ್ಷ ಕ್ವಾಲ್ಕಾಮ್ ತಾನೇ 855ರ ವೇಗವನ್ನು 2.84ರಿಂದ 2.96ಕ್ಕೆ ಏರಿಸಿ 855 ಪ್ಲಸ್ ಎಂದು ಮಾರಿತು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್23ಗೆ ಕೊಟ್ಟ ಸ್ನ್ಯಾಪ್‌ಡ್ರಾಗನ್ 8 ಜೆನ್ 2 ಸಾಮಾನ್ಯ ಆವೃತ್ತಿಯ 3.2 ಗಿಗಾಹರ್ಟ್ಸ್ ಬದಲು 3.36ರಲ್ಲಿ ಓಡುತ್ತದೆ. ಇವೆಲ್ಲ ಶೇ. 4ರಿಂದ 6ರಷ್ಟು ಏರಿಕೆ. 550ರಿಂದ 1000ಕ್ಕೆ ಹಾರುವ ಕಾಲ ಮುಗಿದಿದೆ, ಯಾಕೆಂದರೆ ಹಾರಲು ಇದ್ದ ಅಂತರವನ್ನು ತಯಾರಕರೇ ಬಳಸಿ ಮುಗಿಸಿದ್ದಾರೆ. ಕಾಗದದ ಮೇಲೆ ಕಾಣುವ ಗರಿಷ್ಠ ಗಿಗಾಹರ್ಟ್ಸ್ ಕೆಲವು ಕ್ಷಣಗಳಿಗಷ್ಟೇ ಸಿಗುವ ವೇಗ.

ಕೆಲವೇ ಕ್ಷಣ ಯಾಕೆ? ಹೆಚ್ಚಿನ ಫೋನುಗಳಿಗೆ ಫ್ಯಾನ್ ಇಲ್ಲ. ಒಳಗಿನ ಬಿಸಿ ಹಿಂಬದಿಯ ಗಾಜಿನ ಮೂಲಕ, ಪರದೆಯ ಮೂಲಕ, ನಿಮ್ಮ ಅಂಗೈಯ ಮೂಲಕವೇ ಹೊರಹೋಗಬೇಕು. ಹೀಗೆ ನಿರಂತರವಾಗಿ ಹೊರಹಾಕಲು ಆಗುವುದು ಕೆಲವೇ ವಾಟ್. ಹೊರಮೈ 45 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಕೈಯಲ್ಲಿ ಹಿಡಿಯಲು ಕಷ್ಟವಾಗುತ್ತದೆ. ಹಾಗಾಗಿ ಅಲ್ಲಿಗೆ ಮುಟ್ಟುವ ಮೊದಲೇ ಫೋನ್ ತಾನಾಗಿ ವೇಗ ಇಳಿಸುತ್ತದೆ. ಏಪ್ರಿಲ್-ಮೇನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲು 42 ಡಿಗ್ರಿ ಮುಟ್ಟಿದಾಗ ಸ್ಕೂಟರಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡ ಡೆಲಿವರಿ ಹುಡುಗನ ಫೋನಿನ ಬಗ್ಗೆ ಯೋಚಿಸಿ. ಪರದೆ ಪೂರ್ತಿ ಬೆಳಕಿನಲ್ಲಿದೆ, ಜಿಪಿಎಸ್ ನಡೆಯುತ್ತಿದೆ, ನೇರ ಬಿಸಿಲು. ಹೊರಗಿನ ಗಾಳಿಯೇ ಅಷ್ಟು ಬಿಸಿ ಇದ್ದಾಗ ಒಳಗಿನ ಬಿಸಿ ಹೋಗುವುದಾದರೂ ಎಲ್ಲಿಗೆ? ಮ್ಯಾಪ್ ತಡವರಿಸುತ್ತದೆ, ಪರದೆ ಮಂಕಾಗುತ್ತದೆ. ಆ ಫೋನಿಗೆ ಓವರ್‌ಕ್ಲಾಕ್ ಮಾಡಿ ಇನ್ನಷ್ಟು ವೇಗ ಕೊಟ್ಟರೆ ಅದು ಇನ್ನಷ್ಟು ಬೇಗ ಬಿಸಿಯಾಗಿ ಮೊದಲಿಗಿಂತ ಕೆಳಗಿನ ವೇಗಕ್ಕೆ ಬೀಳಬಹುದು. ನೆರಳು ಮಾಡಿಕೊಟ್ಟರೆ, ದಪ್ಪ ಕವರ್ ಬಿಚ್ಚಿದರೆ ಅದರ ವೇಗ ನಿಜವಾಗಿ ಹೆಚ್ಚುತ್ತದೆ.

ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳೆಲ್ಲ ಒಂದೇ ಬಗೆಯವಾಗಿದ್ದ ಕಾಲವೂ ಹೋಗಿದೆ. 2011ರಲ್ಲಿ ಆರ್ಮ್ ಕಂಪನಿ ಬಿಗ್-ಲಿಟಲ್ ಎಂಬ ವ್ಯವಸ್ಥೆ ಪ್ರಕಟಿಸಿತು. ಬಲಿಷ್ಠ ಕೋರ್‌ಗಳ ಜೊತೆ ಮಿತವ್ಯಯದ ಚಿಕ್ಕ ಕೋರ್‌ಗಳು. ಹಾಡು ಕೇಳುವುದು, ಸಂದೇಶ ಬರುವುದು ಚಿಕ್ಕವುಗಳ ಪಾಲು. ಕ್ಯಾಮೆರಾ ತೆರೆದ ಕ್ಷಣ ದೊಡ್ಡವು ಏಳುತ್ತವೆ. ಬ್ಯಾಟರಿ ಉಳಿಸುವಲ್ಲಿ ಇದು ಮಾಡಿದಷ್ಟು ಕೆಲಸವನ್ನು ಯಾವ ಗವರ್ನರ್ ಬದಲಾವಣೆಯೂ ಮಾಡಲಾರದು.

ಬ್ಯಾಟರಿ ಹಳೆಯದಾದಾಗ ಪ್ರೊಸೆಸರ್‌ಗೂ ಬ್ಯಾಟರಿಗೂ ನಡುವಿನ ಈ ಸಂಬಂಧ ಇನ್ನೊಂದು ಮುಖ ತೋರಿಸುತ್ತದೆ. ಲಿಥಿಯಂ ಬ್ಯಾಟರಿ ಹಳತಾದಂತೆ ಅದರಲ್ಲಿ ಹಿಡಿಯುವ ಚಾರ್ಜ್ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಅದರ ಒಳಗಿನ ಪ್ರತಿರೋಧ ಹೆಚ್ಚುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಪ್ರೊಸೆಸರ್ ಥಟ್ಟನೆ ಗರಿಷ್ಠಕ್ಕೆ ಹಾರಿದಾಗ ಬ್ಯಾಟರಿಯಿಂದ ದೊಡ್ಡ ಪ್ರಮಾಣದ ಕರೆಂಟ್ ಎಳೆಯುತ್ತದೆ. ಪ್ರತಿರೋಧ ಹೆಚ್ಚಿದ್ದರೆ ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಮೂರು ಆಂಪಿಯರ್ ಎಳೆದಾಗ ಒಳಪ್ರತಿರೋಧ 0.1 ಓಮ್ ಇದ್ದರೆ ಕುಸಿತ 0.3 ವೋಲ್ಟ್. 0.3 ಓಮ್ ಆಗಿದ್ದರೆ 0.9 ವೋಲ್ಟ್. ಅಷ್ಟು ಕುಸಿದರೆ ಶೇ. 30 ಚಾರ್ಜ್ ತೋರಿಸುತ್ತಿದ್ದ ಫೋನ್ ಕೂಡ ಏಕಾಏಕಿ ಆರಿಹೋಗುತ್ತದೆ. ಇದನ್ನು ತಡೆಯಲೆಂದು 2017ರ ಜನವರಿಯಲ್ಲಿ ಆ್ಯಪಲ್ ಐಒಎಸ್ 10.2.1ರ ಮೂಲಕ ಹಳೆಯ ಬ್ಯಾಟರಿಯ ಐಫೋನ್‌ಗಳ ಗರಿಷ್ಠ ವೇಗವನ್ನೇ ತಗ್ಗಿಸಿತು. ತಾಂತ್ರಿಕವಾಗಿ ಅದು ಸರಿಯಾದ ಪರಿಹಾರವೇ. ಗ್ರಾಹಕರಿಗೆ ಸ್ಪಷ್ಟವಾಗಿ ಹೇಳದೆ ಮಾಡಿದ್ದು ದೊಡ್ಡ ತಪ್ಪು. ಡಿಸೆಂಬರ್‌ನಲ್ಲಿ ವಿಷಯ ಹೊರಬಿದ್ದಾಗ ಜನ ಸಿಟ್ಟಾದರು. ಕಂಪನಿ ಕ್ಷಮೆ ಕೇಳಿ ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಹೊಸ ಬ್ಯಾಟರಿ ಹಾಕಿಸಿಕೊಂಡವರ ಫೋನ್ ಮತ್ತೆ ಮೊದಲಿನ ವೇಗಕ್ಕೆ ಬಂತು.

ಹಾಗಾದರೆ ಈಗ ಏನು ಮಾಡಬಹುದು? ಹೊಸ ಫೋನಿನಲ್ಲಿ ಓವರ್‌ಕ್ಲಾಕ್ ಮಾಡಲು ಫೋನ್ ಶುರುವಾಗುವಾಗ ಮೊದಲು ಓಡುವ ಬೂಟ್‌ಲೋಡರ್ ತಂತ್ರಾಂಶದ ಬೀಗ ತೆರೆಯಬೇಕು, ರೂಟ್ ಮಾಡಬೇಕು. ಹಾಗೆ ಮಾಡಿದ ಮೇಲೆ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ. ಚಹಾ ಅಂಗಡಿಯಲ್ಲೂ ಯುಪಿಐನಲ್ಲಿ ಹಣ ಕೊಡುವ ನಮಗೆ ಇದು ಸಣ್ಣ ನಷ್ಟವಲ್ಲ. ಎಷ್ಟೋ ಫೋನುಗಳಲ್ಲಿ ಬೂಟ್‌ಲೋಡರ್ ತೆರೆಯಲು ಬಿಡುವುದೂ ಇಲ್ಲ. ಇಷ್ಟು ಕಳೆದುಕೊಂಡು ಸಿಗುವುದು ಕೆಲವು ನಿಮಿಷ ಉಳಿಯುವ ಶೇ. 5 ವೇಗ.

ವೇಗ-ವೋಲ್ಟೇಜ್ ಪಟ್ಟಿಯಲ್ಲಿ ಕೆಳಮುಖವಾಗಿ ಇಳಿಯುವುದು ಲಾಭದ ದಾರಿ, ಅದಕ್ಕೆ ರೂಟ್ ಬೇಕಿಲ್ಲ. ಗರಿಷ್ಠ ಮೆಟ್ಟಿಲು ಎಷ್ಟು ದುಬಾರಿ ಎಂದು ಓಮ್ಯಾಪ್ ಲೆಕ್ಕದಲ್ಲಿ ನೋಡಿದೆವು. 600ರಿಂದ 500ಕ್ಕೆ ಇಳಿದರೆ ವೇಗ ಶೇ. 17 ಹೋಗುತ್ತದೆ, ಖರ್ಚು ಶೇ. 34 ಉಳಿಯುತ್ತದೆ. ಗ್ಯಾಲಕ್ಸಿ ಎಸ್23ರಂಥ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಪರ್ಫಾರ್ಮೆನ್ಸ್ ಪ್ರೊಫೈಲ್’ ಎಂಬುದರ ಕೆಳಗೆ ‘ಲೈಟ್’ ಎಂಬ ಆಯ್ಕೆ ಇದೆ. ಬೇರೆ ಹಲವು ಫೋನುಗಳಲ್ಲಿ ಬ್ಯಾಟರಿ ಸೇವರ್ ಇದೇ ಕೆಲಸ ಮಾಡುತ್ತದೆ. ವಾಟ್ಸ್ಆ್ಯಪ್, ಫೋಟೊ, ವಿಡಿಯೊಗಳಲ್ಲಿ ಇದರಿಂದ ವ್ಯತ್ಯಾಸ ತಿಳಿಯುವುದೇ ಕಷ್ಟ. ಹಾಗೆಯೇ ‘ಪರ್ಫಾರ್ಮೆನ್ಸ್ ಮೋಡ್’ ಎಂಬ ಗುಂಡಿ ಇದ್ದರೆ ಅದನ್ನು ಸದಾ ಹಾಕಿಡಬೇಡಿ. ಆಟ ಆಡುತ್ತಲೇ ಚಾರ್ಜ್ ಮಾಡುವುದೂ ಬೇಡ. ಎರಡೂ ಬಿಸಿ ಒಟ್ಟಾಗಿ ಬ್ಯಾಟರಿಯ ಆಯುಷ್ಯ ತಿನ್ನುತ್ತವೆ.

ಕೆಲಸಕ್ಕೆ ಬಾರದೆ ಬಿದ್ದಿರುವ ಹಳೆಯ ಫೋನ್ ಇದ್ದು, ಕಲಿಯುವ ಆಸೆ ಇದ್ದರೆ ಖಂಡಿತ ಪ್ರಯೋಗ ಮಾಡಿ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಮೊದಲು ಫೋಟೊ, ಫೈಲುಗಳನ್ನು ಬೇರೆಡೆಗೆ ತೆಗೆದಿಡಿ. ವೋಲ್ಟೇಜ್ ಮುಟ್ಟದೆ ಒಂದೊಂದೇ ಮೆಟ್ಟಿಲು ಏರಿಸಿ. ಪ್ರತಿ ಮೆಟ್ಟಿಲಲ್ಲೂ ಅರ್ಧ ಗಂಟೆ ಪೂರ್ತಿ ಹೊರೆ ಹಾಕಿ ತಾಪ ಬರೆದುಕೊಳ್ಳಿ. ಎಡವಿದ ಕಡೆಯಿಂದ ಎರಡು ಮೆಟ್ಟಿಲು ಕೆಳಗೆ ನಿಲ್ಲಿ. ನಂತರ ಆ ವೇಗ ಬಿಟ್ಟು ಕಂಪನಿಯ ವೇಗಕ್ಕೆ ಮರಳಿ, ಈ ಸಲ ವೋಲ್ಟೇಜ್ ಇಳಿಸುತ್ತಾ ಹೋಗಿ, ಎರಡರ ತಾಪವನ್ನೂ ಹೋಲಿಸಿ ನೋಡಿ. ಶುರುವಿನಲ್ಲೇ ವೇಗ ಹಾಕುವ ಚೌಕಕ್ಕೆ ಮಾತ್ರ ಕೊನೆಯವರೆಗೂ ಗುರುತು ಹಾಕಬೇಡಿ. ಬ್ಯಾಟರಿ ಉಬ್ಬಿದ ಫೋನಿನಲ್ಲಂತೂ ಈ ಪ್ರಯೋಗ ಬೇಡವೇ ಬೇಡ.

ದಿನಬಳಕೆಯ ಫೋನ್ ಎರಡು-ಮೂರು ವರ್ಷಕ್ಕೇ ನಿಧಾನವಾಯಿತು ಎನಿಸಿದರೆ ಪ್ರೊಸೆಸರ್ ಮೇಲೆ ಕೈ ಇಡುವ ಮೊದಲು ಸ್ಟೋರೇಜ್ ತುಂಬಿದೆಯೇ ನೋಡಿ, ಬೇಡದ ಆ್ಯಪ್ ತೆಗೆಯಿರಿ, ಆಮೇಲೆ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಬ್ಯಾಟರಿ ಪರೀಕ್ಷೆ ಮಾಡಿಸಿ. ಹೊಸ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಗುರುತು ಇದೆಯೇ ಎಂದು ನೋಡಿಯೇ ಹಾಕಿಸಿಕೊಳ್ಳಿ.